ಸುಸ್ಥಿರವೋ, ಸುಸ್ತಿಯೋ?

ನಮ್ಮ ಪಂಚಾಯ್ತಿ ಗೋಡೆಗೆ ಹೋದ ವಾರ ಹೊಸ ಚಿತ್ರ ಬಂತು. 17 ಬಣ್ಣದ ಒಂದು ಚಕ್ರ. ಅದರ ಕೆಳಗೆ ‘ಸುಸ್ಥಿರ ಅಭಿವೃದ್ಧಿ ಗುರಿಗಳು’ ಎಂದು ಬರೆಯಬೇಕಿತ್ತು. ಪೇಂಟರ್ ಹುಡುಗ ‘ಸ್ಥಿ’ ಬದಲು ‘ಸ್ತಿ’ ಬರೆದ. ಅಷ್ಟರಲ್ಲಿ ಊಟದ ಹೊತ್ತಾಯಿತು, ಎದ್ದು ಹೋದ. ಹಾಗಾಗಿ ಒಂದು ಗಂಟೆ ಕಾಲ ನಮ್ಮ ಪಂಚಾಯ್ತಿ ಗೋಡೆ ಮೇಲೆ ‘ಸುಸ್ತಿ’ ಅಂತಲೇ ಇತ್ತು.

ಅದೇ ಹೊತ್ತಿಗೆ ನಮ್ಮ ಸೊಸೈಟಿಯ ಹಳೇ ಸೆಕ್ರೆಟರಿ ಆ ಕಡೆ ಬಂದರು. ಮೂವತ್ತು ವರ್ಷ ಬೆಳೆಸಾಲ ಕೊಟ್ಟು, ಸಾಲ ಕಟ್ಟದ ಸುಸ್ತಿದಾರರ ಪಟ್ಟಿ ಬರೆದು, ನೋಟಿಸ್ ಬೋರ್ಡಿಗೆ ಅಂಟಿಸಿ ರಿಟೈರ್ ಆದವರು. ಗೋಡೆ ನೋಡಿದ ತಕ್ಷಣ ಅವರ ಕಣ್ಣು ಅರಳಿತು.

“ಯಾರದ್ದು ಮೇಷ್ಟ್ರೇ ಸುಸ್ತಿ? ಇಷ್ಟು ದಪ್ಪ ಅಕ್ಷರದಲ್ಲಿ ನಾನೂ ಯಾರದ್ದೂ ಬರೆಸಿರಲಿಲ್ಲ.”

“ಸುಸ್ತಿ ಅಲ್ಲ, ಸುಸ್ಥಿರ. ಇದು ವಿಶ್ವಸಂಸ್ಥೆದು. ಬಡತನ, ಹಸಿವು ಎಲ್ಲ ಹೋಗಬೇಕು ಅಂತ 17 ಗುರಿ. 2030ಕ್ಕೆ ವಾಯಿದೆ.”

ವಾಯಿದೆ ಎಂಬ ಮಾತು ಬಾಯಿಂದ ಜಾರಿದ್ದೇ ತಪ್ಪಾಯಿತು. ಅವರು ಅಲ್ಲೇ ಕಟ್ಟೆ ಮೇಲೆ ಕೂತರು. ಫೈಲ್ ಬಿಚ್ಚುವವರ ಹಾಗೆ ಕನ್ನಡಕ ಹಾಕಿಕೊಂಡರು.

“ಮೊದಲ ಕಂತು ಯಾವಾಗ?”

ನಾನು ಗೊತ್ತಿದ್ದಷ್ಟು ಹೇಳಿದೆ. 2000ದಲ್ಲಿ ಎಂಟು ಗುರಿ ಇಟ್ಟುಕೊಂಡರು, 2015ಕ್ಕೆ ಮುಗಿಸಬೇಕಿತ್ತು. ಕಡು ಬಡತನ ಅರ್ಧಕ್ಕೆ ಇಳಿಸುವುದು, ಹೀಗೆ ಕೆಲವನ್ನು ಕಟ್ಟಿದರು. ಬಾಣಂತಿಯರ ಸಾವಿನಂಥವು ಬಾಕಿ ಉಳಿದವು. 2015ರ ಸೆಪ್ಟೆಂಬರ್ 25ರಂದು ನ್ಯೂಯಾರ್ಕಿನಲ್ಲಿ ಎಲ್ಲ ದೇಶದವರೂ ಸೇರಿ 17 ಗುರಿ, 169 ಉಪಗುರಿ ಒಪ್ಪಿಕೊಂಡು ಬಂದರು.

“ಹಳೇ ಬಾಕಿ ತೀರೋ ಮುಂಚೆ ಮೊತ್ತ ಜಾಸ್ತಿ ಮಾಡಿ ರಿನ್ಯೂವಲ್” ಎಂದರು ಸೆಕ್ರೆಟರಿ, ಮೆಚ್ಚುಗೆಯಿಂದ. “ಮಾರ್ಚ್ ಬಂದ್ರೆ ನಾವೂ ಹಂಗೇ ಮಾಡ್ತಿದ್ವಿ. ಪುಸ್ತಕದಲ್ಲಿ ಕಟ್ಟಿದ ಹಾಗೆ, ಪುಸ್ತಕದಲ್ಲೇ ಕೊಟ್ಟ ಹಾಗೆ. ಆಮೇಲೆ?”

ಆಮೇಲೆ ಕೆಲಸ ಸಾಗಲಿಲ್ಲ. ಹತ್ತು ವರ್ಷವಾದರೂ ಮೈಬಗ್ಗಿಸೋಣ ಅಂತ 2020ರ ಜನವರಿಯಲ್ಲಿ ವಿಶ್ವಸಂಸ್ಥೆ ‘ಕಾರ್ಯಾಚರಣೆಯ ದಶಕ’ ಶುರು ಮಾಡಿತು. ಮಾರ್ಚ್ 11ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ಡನ್ನು ಮಹಾಪಿಡುಗು ಎಂದಿತು. ದಶಕ ಎರಡೂವರೆ ತಿಂಗಳು ಕೂಡ ಓಡಾಡಲಿಲ್ಲ, ಕ್ವಾರಂಟೈನ್‌ಗೆ ಹೋಯಿತು.

“ಒಳ್ಳೇ ಟೈಮಿಗೆ ಬಂತು” ಎಂದರು ಅವರು. “ಕಟ್ಟೋಕೆ ಮನಸ್ಸಿಲ್ಲದ ಸಾಲಗಾರನಿಗೆ ಮಳೆ ಬರದಿದ್ರೂ ನೆಪ, ಜಾಸ್ತಿ ಬಂದ್ರೂ ನೆಪ. ಇದು ಅದಕ್ಕಿಂತ ಮೇಲು. ಎಲ್ಲ ಊರಿಗೂ ಒಂದೇ ದಿನ ಬಿದ್ದ ಮಳೆ.”

ಮಳೆಯಲ್ಲಿ ಕೊಚ್ಚಿಹೋದದ್ದೂ ನಿಜವೇ, ಅದನ್ನು ನಗೆಯಾಡುವಂತಿಲ್ಲ. ನಾನು ಮೇಷ್ಟ್ರಾಗಿದ್ದವನು. ಶಾಲೆ ಬಾಗಿಲು ಹಾಕಿದರೆ ಮಕ್ಕಳಿಗೆ ಏನಾಗುತ್ತದೆ ಎಂದು ಬಲ್ಲೆ. ಹಳ್ಳಿ ಮಕ್ಕಳ ಓದು, ಲೆಕ್ಕ ಅಳೆಯುವ ಅಸರ್ ವರದಿ ಪ್ರಕಾರ, ದೇಶದ ಹಳ್ಳಿಗಳಲ್ಲಿ ಎರಡನೇ ಕ್ಲಾಸಿನ ಪಾಠ ಓದಬಲ್ಲ ಮೂರನೇ ಕ್ಲಾಸಿನ ಮಕ್ಕಳು 2018ರಲ್ಲಿ ನೂರಕ್ಕೆ ಸುಮಾರು 27 ಇದ್ದರು. 2022ಕ್ಕೆ ಅದು ಸುಮಾರು 20 ಆಯಿತು. 2023ರಲ್ಲಿ, ಅರ್ಧ ದಾರಿ ಮುಗಿದಾಗ, ವಿಶ್ವಸಂಸ್ಥೆ ಲೆಕ್ಕ ಹಾಕಿತು. ಅಳೆಯಲು ಸಾಧ್ಯವಿದ್ದ ಉಪಗುರಿಗಳಲ್ಲಿ ಸರಿಯಾದ ದಾರಿಯಲ್ಲಿ ಇದ್ದದ್ದು ನೂರಕ್ಕೆ ಬರೀ 15. ಮೂವತ್ತಕ್ಕೂ ಹೆಚ್ಚು ನಿಂತಲ್ಲೇ ನಿಂತಿದ್ದವು, ಇಲ್ಲವೇ ಹಿಂದಕ್ಕೆ ಹೋಗಿದ್ದವು. ಆಗ ಎಲ್ಲ ದೇಶದವರೂ ಸೇರಿ ಮಾಡಿದ್ದೇನು? ‘ಮತ್ತೆ ಹಳಿಗೆ ತರುತ್ತೇವೆ’ ಎಂದು ಘೋಷಣೆ ಹೊರಡಿಸಿದರು. ನನ್ನ ಕ್ಲಾಸಿನಲ್ಲಿ 15 ತೆಗೆದವನ ಮಾರ್ಕ್ಸ್ ಕಾರ್ಡಿಗೆ ನಾನು ಹಾಗೆಲ್ಲ ಬರೆದುಕೊಟ್ಟವನಲ್ಲ. ಅಪ್ಪನನ್ನು ಕರ್ಕೊಂಡು ಬಾ ಅಂತಿದ್ದೆ.

ಆದರೆ ನಮ್ಮ ದೇಶದ ಕತೆಯೇ ಬೇರೆ. ಲೋಕಕ್ಕೆಲ್ಲ ಮಾರ್ಕ್ಸ್ ಇಳಿದರೆ ನಮಗೆ ಏರಿತು! 2021ರ ಜೂನ್ 3ರಂದು ನೀತಿ ಆಯೋಗ ಈ ಗುರಿಗಳ ರಿಸಲ್ಟ್ ಬಿಟ್ಟಿತು. ದೇಶದ ಅಂಕ 60ರಿಂದ 66ಕ್ಕೆ. ಕರ್ನಾಟಕಕ್ಕೆ 72. ಅವತ್ತು ಇಲ್ಲಿ ಎರಡನೇ ಅಲೆಯ ಲಾಕ್‌ಡೌನ್. ಬೆಳಗ್ಗೆ 10ರೊಳಗೆ ಹಾಲು, ಸೊಪ್ಪು ತಂದು ಒಳಗೆ ಸೇರಿಕೊಳ್ಳಬೇಕು. 65 ದಾಟಿದವರಿಗೆ ಆಯೋಗ ಇಟ್ಟ ಹೆಸರು ‘ಫ್ರಂಟ್ ರನ್ನರ್’. ಮುಂದೆ ಓಡುವವರು ಅಂತ. ಅವತ್ತು ಯಾರಾದರೂ ಬೀದಿಯಲ್ಲಿ ಓಡಿದ್ದರೆ ಬೆನ್ನಿಗೆ ಲಾಠಿ ಬೀಳುತ್ತಿತ್ತು, ಅಲ್ವಾ? ಗುಟ್ಟು ಇಷ್ಟೇ: ಅಂಕಿಅಂಶಗಳು ಬಹುಪಾಲು ಕೊರೋನಾ ಕಾಲಿಡುವ ಮುಂಚಿನವು. ಜ್ವರ ಬರುವ ಮುಂಚೆ ತೆಗೆಸಿದ ಫೋಟೋ ತೋರಿಸಿ ಆಸ್ಪತ್ರೆಯಿಂದ ಡಿಸ್ಚಾರ್ಜ್ ತಗೊಂಡ ಹಾಗೆ.

“ಶೇಕಡಾ ಇಷ್ಟು ಅಂತೀರಲ್ಲ, ಒಟ್ಟು ಜನ ಎಷ್ಟು?” ಎಂದರು ಸೆಕ್ರೆಟರಿ.

ಇವರಿಗೆ ಎಲ್ಲಿ ಕೈ ಹಾಕಬೇಕು ಅಂತ ಗೊತ್ತು. ತಲೆ ಎಣಿಸಿದ್ದು 2011ರಲ್ಲಿ. 2021ರ ಗಣತಿ ಕೊರೋನಾ ನೆಪದಲ್ಲಿ ಮುಂದಕ್ಕೆ ಹೋದದ್ದು 2027ಕ್ಕೆ ಹೋಗಿ ನಿಂತಿತು.

ಅಷ್ಟರಲ್ಲಿ ಪಂಚಾಯ್ತಿಯ ಕಂಪ್ಯೂಟರ್ ಆಪರೇಟರ್ ಹುಡುಗಿ ಊಟದ ಡಬ್ಬಿ ತೊಳೆಯಲು ಹೊರಗೆ ಬಂದಳು. ಜಗತ್ತಿನ ಭಾರ ಕೊನೆಗೆ ಬಂದು ಕೂತಿರುವುದು ಇವಳ ಕೀಬೋರ್ಡ್ ಮೇಲೆ. ನ್ಯೂಯಾರ್ಕಿನ 17 ಗುರಿ ದೆಹಲಿಯಲ್ಲಿ ಒಂಬತ್ತು ವಿಷಯ ಆಯಿತು. ಹಳ್ಳಿಗೆ ಬರುವ ಹೊತ್ತಿಗೆ 435 ಸೂಚಕ, ತುಂಬಬೇಕಾದ 566 ಮಾಹಿತಿ ಆಯಿತು. ಒಂಬತ್ತರಲ್ಲಿ ಯಾವುದಾದರೂ ವಿಷಯ ಆರಿಸಿ ಗ್ರಾಮಸಭೆಯಲ್ಲಿ ಸಂಕಲ್ಪ ಮಾಡಬೇಕು.

“ನಮ್ಮೂರಿಗೆ ಯಾವುದು ಆರಿಸಿದ್ರಮ್ಮ?” ಎಂದೆ.

“ಯಾವುದಕ್ಕೆ ಕಾಲಂ ಕಮ್ಮಿ ಇತ್ತೋ ಅದು ಸಾರ್. ಖಾಲಿ ಬಿಟ್ರೆ ಮೇಲಿಂದ ಫೋನ್ ಬರುತ್ತೆ. ಸೊನ್ನೆ ಹಾಕಿದ್ರೂ ಫೋನ್ ಬರುತ್ತೆ.”

2022-23ನೇ ಸಾಲಿಗೆ ಹೀಗೆ ತುಂಬಿದ 2.16 ಲಕ್ಷ ಪಂಚಾಯ್ತಿಗಳ ರಿಸಲ್ಟ್ 2025ರಲ್ಲಿ ಬಂತು. ಎಲ್ಲಕ್ಕಿಂತ ಮೇಲಿನ ‘ಸಾಧಕ’ ದರ್ಜೆಗೆ ಒಂದೂ ಪಂಚಾಯ್ತಿ ಇಲ್ಲ. 1,32,392 ಪಂಚಾಯ್ತಿಗಳು ‘ಆಕಾಂಕ್ಷಿ’. ನಾವು ಟಿಕೆಟ್ ಆಕಾಂಕ್ಷಿಗಳನ್ನು ನೋಡಿದ್ದೆವು, ಇಡೀ ಊರಿಗೂರೇ ಆಕಾಂಕ್ಷಿ ಆಗಿದ್ದು ಇದೇ ಮೊದಲು. ಯಾವ ಪಾರ್ಟಿಯಿಂದ ಅಂತ ಸೆಕ್ರೆಟರಿ ಕೇಳಿದರು.

ಮೂರನೇ ಗುರಿ ಆರೋಗ್ಯ. ಅದರ ಕೂಲಿ ಆಳು ನಮ್ಮ ಆಶಾ ಕಾರ್ಯಕರ್ತೆ. 2020ರ ಜುಲೈನಲ್ಲಿ, ಸೋಂಕಿನ ಮಧ್ಯೆಯೇ, ತಿಂಗಳಿಗೆ 12,000 ಕೊಡಿ ಎಂದು ರಾಜ್ಯದ ಆಶಾಗಳು ಮುಷ್ಕರ ಹೂಡಿದರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಎಲ್ಲ ಆಶಾಗಳಿಗೂ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯಲ್ಲಿ, ಬೆಂಗಳೂರಿನ ಫ್ರೀಡಂ ಪಾರ್ಕಿನ ಚಳಿಯಲ್ಲಿ, ಅದೇ ಪ್ರಶಸ್ತಿ ವಿಜೇತರು ಮತ್ತೆ ಗೌರವಧನಕ್ಕಾಗಿ ಕೂತಿದ್ದರು.

“ದುಡ್ಡೆಷ್ಟು ಬೇಕಂತೆ ಇದಕ್ಕೆಲ್ಲ?”

“ವರ್ಷಕ್ಕೆ 4 ಲಕ್ಷ ಕೋಟಿ ಡಾಲರ್ ಕೊರತೆ ಇದೆಯಂತೆ. ಅದಕ್ಕೇ 2025ರಲ್ಲಿ ಸ್ಪೇನಿನ ಸೆವಿಲ್‌ನಲ್ಲಿ 40 ಡಿಗ್ರಿ ಬಿಸಿಲಲ್ಲಿ ಸಭೆ ಸೇರಿದ್ದರು. ಅಮೆರಿಕ ಬರಲೇ ಇಲ್ಲ. ಇನ್ನೊಂದು ಕಡೆ 340 ಕೋಟಿ ಜನ ಇರುವ ದೇಶಗಳಲ್ಲಿ ಆರೋಗ್ಯಕ್ಕೋ ಶಿಕ್ಷಣಕ್ಕೋ ಖರ್ಚು ಮಾಡುವುದಕ್ಕಿಂತ ಸಾಲದ ಬಡ್ಡಿಗೆ ಹೋಗುವುದೇ ಜಾಸ್ತಿ.”

ಸೆಕ್ರೆಟರಿ ಕನ್ನಡಕ ತೆಗೆದರು. “ಅಂದ್ರೆ ಮಾತು ಕೊಟ್ಟು ತಪ್ಪಿದವರು ಬಡ್ಡಿ ವಸೂಲಿ ಮಾಡ್ತಿದ್ದಾರೆ. ನಮ್ಮ ಸೊಸೈಟಿಲಿ ಇಷ್ಟು ಬುದ್ಧಿವಂತರು ಇರಲಿಲ್ಲ ಮೇಷ್ಟ್ರೇ. ಇಪ್ಪತ್ತು ಸಾವಿರ ಕಟ್ಟದವನ ಹೆಸರು ನಾನು ಬೋರ್ಡಿಗೆ ಹಾಕಿದ್ದೆ. ಆರು ತಿಂಗಳು ಅವನು ಆ ದಾರೀಲಿ ಓಡಾಡಲಿಲ್ಲ.”

ಪೇಂಟರ್ ಹುಡುಗ ಬಾಯಿ ಒರೆಸಿಕೊಳ್ಳುತ್ತ ವಾಪಸ್ ಬಂದ. ತಪ್ಪು ತೋರಿಸಿದೆ. ‘ಸ್ತಿ’ಯನ್ನು ‘ಸ್ಥಿ’ ಮಾಡಿದ, ಮುಂದಕ್ಕೆ ‘ರ’ ಬರೆದ, ಸಾಲು ಮುಗಿಸಿದ. ಆಮೇಲೆ ಬ್ರಷ್ ಎತ್ತಿ ಹಿಡಿದು ನಮ್ಮ ಕಡೆ ತಿರುಗಿದ.

“ಇಸವಿ ಒಂದು ಬಾಕಿ ಸಾರ್. ಆಯಿಲ್ ಪೇಂಟಲ್ಲಿ ಬರೀಲಾ, ಸುಣ್ಣದಲ್ಲಿ ಸಾಕಾ?”