ಪಿಯು ಓದುವ ಎಲ್ಲರಿಗೂ ಗರ್ಭನಿರೋಧಕದ ಪಾಠ ಬೇಕೇ?

ಪರ: ಮದುವೆಗೆ ಮೊದಲೇ ತಿಳಿದಿರಲಿ

ಈ ಪಾಠ ಹೊಸದೇನಲ್ಲ. ದ್ವಿತೀಯ ಪಿಯು ಜೀವಶಾಸ್ತ್ರದ ಪುಸ್ತಕದಲ್ಲಿ ಕಾಪರ್-ಟಿ (ವಂಕಿ), ಗುಳಿಗೆ, ನಿರೋಧ್, ಆಪರೇಷನ್ ಎಲ್ಲವೂ ಇವೆ. ಸೈನ್ಸ್‌ನಲ್ಲಿ ಜೀವಶಾಸ್ತ್ರ ತಗೊಂಡವರು ಓದಿ ಪರೀಕ್ಷೆಯನ್ನೂ ಬರೆಯುತ್ತಾರೆ. ಆರ್ಟ್ಸ್, ಕಾಮರ್ಸ್‌ನವರಿಗೆ ಮಾತ್ರ ಅದು ಸಿಗುವುದಿಲ್ಲ. ಜಗಳೂರು, ಮೊಳಕಾಲ್ಮೂರು ಕಡೆಯ ಹಳ್ಳಿಗಳಿಂದ ಬಸ್ಸು ಹತ್ತಿ ಬಂದು ಆರ್ಟ್ಸ್ ಓದುವ ಎಷ್ಟೋ ಹುಡುಗಿಯರಿಗೆ ಪಿಯು ಮುಗಿದ ಬೆನ್ನಲ್ಲೇ ಮದುವೆ. ನೀಟ್‌ಗೆ ಕೂರುವವಳಿಗಿಂತ ಮೊದಲು ಈ ತಿಳಿವಳಿಕೆ ಬೇಕಾಗುವುದು ಇವಳಿಗೆ, ಅಲ್ವಾ?

ನಮ್ಮಲ್ಲಿ ಮಕ್ಕಳು ಸಾಕು ಅಂದಾಗ ಏನು ಮಾಡಬೇಕು ಅಂತ ಎಲ್ಲರಿಗೂ ಗೊತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ನೂರಕ್ಕೆ ಸುಮಾರು 57 ಮಂದಿ ಆಪರೇಷನ್ ಮಾಡಿಸಿಕೊಂಡವರು. ಮೊದಲ ಮಗು ಎರಡು ವರ್ಷ ತಡವಾಗಲಿ ಅನ್ನುವವಳಿಗೆ ದಾರಿ ತೋರಿಸುವವರು ಮಾತ್ರ ಕಡಿಮೆ. ಅವಳ ಕಿವಿಗೆ ಬೀಳುವುದು "ಗುಳಿಗೆ ನುಂಗಿದ್ರೆ ಮುಂದೆ ಮಕ್ಕಳೇ ಆಗಲ್ಲ", "ವಂಕಿ ಹಾಕಿಸಿದ್ರೆ ಹೊಟ್ಟೆಯೊಳಗೆ ಮೇಲಕ್ಕೆ ಹೋಗುತ್ತೆ" ಅನ್ನೋ ಮಾತುಗಳೇ. ಗುಳಿಗೆ ನಿಲ್ಲಿಸಿದರೆ ಮತ್ತೆ ಬಸುರಾಗಬಹುದು ಅನ್ನುವ ಒಂದು ಸಂಗತಿ ಹದಿನೇಳಕ್ಕೇ ಗೊತ್ತಿದ್ದರೆ ಅರ್ಧ ಹೆದರಿಕೆ ಹೋಗುತ್ತದೆ.

ಹುಡುಗರೂ ಅದೇ ಕ್ಲಾಸಲ್ಲಿ ಕೂತು ಕೇಳಬೇಕು. ಇದೆಲ್ಲ ಹೆಂಗಸರ ತಲೆನೋವು ಅಂದುಕೊಂಡೇ ಅವರು ಗಂಡಂದಿರಾಗುತ್ತಾರೆ. ನಿರೋಧ್ ಎಚ್‌ಐವಿಯನ್ನೂ ತಡೆಯುತ್ತದೆ ಅನ್ನುವುದು ಅವರಿಗೂ ಬೇಕಾದ ವಿಷಯ.

ವಿರೋಧ: ಪಾಠ ಸಿಕ್ಕರೂ ಗುಳಿಗೆ ಸಿಗಬೇಕಲ್ಲ

ಈ ಪಾಠದಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ಸರ್ಕಾರ ಮೊದಲು ಕೈಹಾಕಬೇಕಾದ ಜಾಗ ಪಿಯು ಕ್ಲಾಸಲ್ಲ.

ಅದೇ ಸಮೀಕ್ಷೆ ನೋಡಿ. ರಾಜ್ಯದ 20–24 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 21 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಇವರಲ್ಲಿ ಎಷ್ಟೋ ಜನ ದ್ವಿತೀಯ ಪಿಯು ಪಾಠದ ಹೊತ್ತಿಗೆ ಕಾಲೇಜಲ್ಲೇ ಇರುವುದಿಲ್ಲ.

ಕ್ಲಾಸಲ್ಲಿ ಕೂತು ಕೇಳಿದವಳ ಪಾಡಾದರೂ ಏನು? ಮಾಲಾ-ಎನ್ ಒಂದು ಹಾಳೆಯಲ್ಲಿ 28 ಗುಳಿಗೆ. ದಿನಾ ತಪ್ಪದೆ ನುಂಗಬೇಕು. ಎರಡು ಕೋಣೆಯ ಮನೆಯಲ್ಲಿ, ಟ್ರಂಕಿನ ಬೀಗದ ಕೈ ಅತ್ತೆ ಸೊಂಟದಲ್ಲಿದ್ದರೆ, ಆ ಹಾಳೆ ಎಲ್ಲಿಡುವುದು? ಮದುವೆಯಾಗಿ ಮೂರು ತಿಂಗಳಿಗೇ "ಏನಾದ್ರೂ ವಿಶೇಷ ಇದೆಯಾ?" ಅಂತ ಬೀದಿಯೆಲ್ಲ ಕೇಳುತ್ತದೆ. ಗುಳಿಗೆ ತಂದುಕೊಡುವ ಆಶಾ ಕಾರ್ಯಕರ್ತೆ ಅದೇ ಕೇರಿಯವರು, ಎಷ್ಟೋ ಸಲ ಅತ್ತೆಗೇ ಬೇಕಾದವರು. ಅಂತರಾ ಇಂಜೆಕ್ಷನ್ ಮೂರು ತಿಂಗಳಿಗೊಮ್ಮೆ ಸಾಕು, ಮನೆಯಲ್ಲಿ ಬಚ್ಚಿಡುವುದೂ ಬೇಡ. ಆದರೆ ಅದರಿಂದ ಮುಟ್ಟು ಏರುಪೇರಾಗುತ್ತದೆ, ಕೆಲವರಿಗೆ ನಿಂತೇ ಹೋಗುತ್ತದೆ. ಹೀಗಾಗಬಹುದು ಅಂತ ಮೊದಲೇ ಕೂರಿಸಿ ಹೇಳದಿದ್ದರೆ ಹುಡುಗಿ ಗಾಬರಿಯಾಗಿ ಎರಡನೇ ಇಂಜೆಕ್ಷನ್‌ಗೆ ಬರುವುದೇ ಇಲ್ಲ. ಕರಿಹಲಗೆ ಮುಂದೆ ನಿಂತು ಇದನ್ನೆಲ್ಲ ಹೇಳಲು ಆಗುವುದಿಲ್ಲ. ಒಬ್ಬ ಸಿಸ್ಟರ್, ಒಂದು ಬಾಗಿಲು ಹಾಕಿದ ಕೋಣೆ, ಅರ್ಧ ಗಂಟೆ ಬೇಕು.

ಇನ್ನೊಂದು ಕಡೆ ಕಾನೂನಿನ ಭಯ. ಲೈಂಗಿಕ ಸಂಬಂಧಕ್ಕೆ 18ರೊಳಗಿನವಳು ಕೊಟ್ಟ ಒಪ್ಪಿಗೆಯನ್ನು, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೊ ಕಾಯ್ದೆ ಒಪ್ಪುವುದಿಲ್ಲ. ವಿಷಯ ತಿಳಿದ ಡಾಕ್ಟರು ಪೊಲೀಸರಿಗೆ ತಿಳಿಸಲೇಬೇಕು. ಗರ್ಭಪಾತಕ್ಕೆ ಬಂದ ಅಪ್ರಾಪ್ತೆಯೂ ಅವಳ ಪೋಷಕರೂ ಕೇಳಿಕೊಂಡರೆ ಡಾಕ್ಟರು ಅವಳ ಹೆಸರು ಹೇಳಬೇಕಾಗಿಲ್ಲ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಮಾತು ಹಳ್ಳಿ ಮುಟ್ಟಿಲ್ಲ. ಹೋದರೆ ಕೇಸಾಗುತ್ತೆ ಅನ್ನೋ ಹೆದರಿಕೆಯಲ್ಲಿ ಬಸುರಾದವಳನ್ನೂ ಮನೆಯವರು ಆಸ್ಪತ್ರೆಗೆ ಕರೆತರುವುದಿಲ್ಲ, ಇದು ಅವಳ ಜೀವಕ್ಕೇ ಕುತ್ತು.

ಹದಿಹರೆಯದವರಿಗಾಗಿಯೇ ಸ್ನೇಹಾ ಕ್ಲಿನಿಕ್‌ಗಳಿವೆ. ಮೊದಲು ಅವುಗಳ ಸಮಯ ಕಾಲೇಜು ಬಿಡುವ ಹೊತ್ತಿಗೆ, ಊರ ಬಸ್ಸಿಗೆ ಹೊಂದಲಿ. ಅಲ್ಲಿ ಹೆಸರು, ಊರು ಕೇಳಿ ಬೈಯುವವರು ಬೇಡ. ಮದುವೆ ನಿಶ್ಚಯವಾದ ಹುಡುಗ ಹುಡುಗಿಯನ್ನೂ ಎರಡೂ ಕಡೆಯ ತಾಯಂದಿರನ್ನೂ ಕೂರಿಸಿ ಮಾತಾಡಿಸುವ ಕೆಲಸ ಪ್ರತಿ ಪಿಎಚ್‌ಸಿಯಲ್ಲೂ ಶುರುವಾಗಲಿ.