ಗಡಿ ಕಾಯಲು ಹೋಗಿ ಬುತ್ತಿ ಕಳೆದುಕೊಂಡವರು

2021ರ ಜನವರಿ. ಬ್ರಿಟನ್ ಯುರೋಪಿಯನ್ ಒಕ್ಕೂಟದ ಮಾರುಕಟ್ಟೆಯಿಂದ ಪೂರ್ತಿ ಹೊರಬಂದು (ಬ್ರೆಕ್ಸಿಟ್ ಅಂದರೆ ಇದೇ) ಎರಡು ವಾರ ಕೂಡ ಆಗಿರಲಿಲ್ಲ. ನೆದರ್‌ಲ್ಯಾಂಡ್ಸ್‌ನ ಹುಕ್ ಆಫ್ ಹಾಲೆಂಡ್ ಬಂದರಿನಲ್ಲಿ ಬ್ರಿಟನ್ ಕಡೆಯಿಂದ ಬಂದ ಲಾರಿ ಡ್ರೈವರ್ ಒಬ್ಬರ ಬುತ್ತಿ ಕಸ್ಟಮ್ಸ್‌ನವರ ಕೈಗೆ ಸಿಕ್ಕಿತು. ಬೆಳ್ಳಿ ಹಾಳೆಯಲ್ಲಿ ಸುತ್ತಿಟ್ಟ ಸ್ಯಾಂಡ್‌ವಿಚ್‌ಗಳು. ಎಲ್ಲದರಲ್ಲೂ ಮಾಂಸ ಇದೆಯಾ ಅಂತ ಅಧಿಕಾರಿ ಕೇಳಿದರು. ಇದೆ ಅಂದರು ಡ್ರೈವರ್. ಹಾಗಾದರೆ ಎಲ್ಲವೂ ಜಪ್ತಿ. ಮಾಂಸ ತಗೊಂಡು ಬ್ರೆಡ್ಡಾದರೂ ಬಿಡಿ ಸ್ವಾಮಿ ಅಂತ ಕೇಳಿಕೊಂಡರೂ ಬಿಡಲಿಲ್ಲ. ಬ್ರೆಕ್ಸಿಟ್‌ಗೆ ಸ್ವಾಗತ ಸಾರ್, ಕ್ಷಮಿಸಿ ಅಂದರು. ಡಚ್ ಟಿವಿಯವರು ಅದನ್ನು ಚಿತ್ರೀಕರಿಸಿ ಇಡೀ ಜಗತ್ತಿಗೆ ತೋರಿಸಿದರು.

ಪಾಪ, ಅಧಿಕಾರಿಯ ತಪ್ಪೇನೂ ಇಲ್ಲ. ಒಕ್ಕೂಟದ ಹೊರಗಿನವರು ಮಾಂಸ, ಹಾಲಿನ ಪದಾರ್ಥ ಹೊತ್ತು ತರುವಂತಿಲ್ಲ ಅನ್ನೋದು ಹಳೇ ನಿಯಮ. ಆ ನಿಯಮ ಮಾಡುವ ಮೇಜಿನಲ್ಲಿ ಬ್ರಿಟನ್ ಕೂಡ ಕುಳಿತಿತ್ತು. ಹೊರಗಿನವರು ಅಂದರೆ ಬೇರೆ ಯಾರೋ ಅಂದುಕೊಂಡಿದ್ದರು, ಅಷ್ಟೇ.

2016ರ ಜೂನ್ 23ರಂದು ಒಕ್ಕೂಟದಲ್ಲಿ ಇರೋದೋ ಬಿಡೋದೋ ಅಂತ ಓಟು ಹಾಕಿದಾಗ ರೈತರಿಗೆ ಹೇಳಿದ ಮಾತು ಬೇರೆ ಇತ್ತು. ಒಕ್ಕೂಟದ ಕಚೇರಿ ಇರುವ ಬ್ರಸೆಲ್ಸ್‌ನವರ ಕಾಗದದ ಕಾಟ ತಪ್ಪುತ್ತದೆ. ನಮ್ಮ ದುಡ್ಡು ನಮ್ಮಲ್ಲೇ ಉಳಿಯುತ್ತದೆ. ಸಬ್ಸಿಡಿಗೆ ಏನೂ ಆಗಲ್ಲ. ರೈತರ ದೊಡ್ಡ ಸಂಘ ಎನ್‌ಎಫ್‌ಯು ಮಾತ್ರ ಒಳಗೇ ಇರುವುದು ವಾಸಿ ಅಂದಿತ್ತು. ಸಂಘದ ಮಾತು ಯಾರು ಕೇಳ್ತಾರೆ? ಹೋಗೋಣ ಅಂದವರು 51.9 ಪರ್ಸೆಂಟ್ ಬಂದರು. ತಗೊಳ್ಳಿ, ಸ್ವಾತಂತ್ರ್ಯ.

ಮೊದಲು ಸಬ್ಸಿಡಿಯ ಕಥೆ. ಒಕ್ಕೂಟದಲ್ಲಿದ್ದಾಗ ಬ್ರಿಟನ್ನಿನ ರೈತರಿಗೆ ವರ್ಷಕ್ಕೆ ಸುಮಾರು 300 ಕೋಟಿ ಪೌಂಡ್ ಬರುತ್ತಿತ್ತು. ಅದರಲ್ಲಿ ಬಹುಪಾಲು ಹೆಕ್ಟೇರ್ ಲೆಕ್ಕದಲ್ಲಿ. ಎಷ್ಟು ಜಮೀನೋ ಅಷ್ಟು ದುಡ್ಡು. ಬೆಟ್ಟದ ಮೇಲೆ ನಾಲ್ಕು ಕುರಿ ಮೇಯಿಸುವವನಿಗೆ ಚಿಲ್ಲರೆ, ಸಾವಿರಾರು ಎಕರೆಯ ದೊರೆಗಳಿಗೆ ಕಂತೆ. ರಾಣಿಯವರ ಸ್ಯಾಂಡ್ರಿಂಗ್‌ಹ್ಯಾಮ್ ಎಸ್ಟೇಟಿಗೂ ಆ ಸಬ್ಸಿಡಿ ಸಂದಾಯವಾಗುತ್ತಿತ್ತು. ಇದೇನು ನ್ಯಾಯ ಅಂತ ಕೇಳಿದವರು ಸರಿಯಾಗಿಯೇ ಕೇಳಿದ್ದರು. ಬದಲಾಯಿಸಬೇಕಾದದ್ದೇ. ಆಗ ಪರಿಸರ ಮಂತ್ರಿಯಾಗಿದ್ದ ಮೈಕೆಲ್ ಗೋವ್ ಒಂದು ಚೆಂದದ ಘೋಷಣೆ ಕೊಟ್ಟರು: ಸಾರ್ವಜನಿಕರ ದುಡ್ಡು ಸಾರ್ವಜನಿಕರ ಒಳಿತಿಗೆ. ಬೇಲಿ ಬೆಳೆಸಿ, ಮಣ್ಣು ಕಾಪಾಡಿ, ಜೇನಿಗೆ ಹೂ ಬಿಡಿ, ದುಡ್ಡು ತಗೊಳ್ಳಿ. ಕೇಳೋದಕ್ಕೆ ಎಷ್ಟು ಚೆನ್ನಾಗಿದೆ ಅಲ್ವಾ? ನನಗಂತೂ ಇಷ್ಟವಾಗಿತ್ತು.

ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಇಂಗ್ಲೆಂಡಿನಲ್ಲಿ ಹಳೇ ಸಬ್ಸಿಡಿಯನ್ನು 2021ರಿಂದಲೇ ವರ್ಷ ವರ್ಷ ಕತ್ತರಿಸುತ್ತಾ ಬಂದರು. (ವೇಲ್ಸ್, ಸ್ಕಾಟ್‌ಲ್ಯಾಂಡ್‌ಗಳ ಲೆಕ್ಕ ಬೇರೆ, ಅಲ್ಲಿಯವರ ಗೋಳು ಅಲ್ಲಿಯವರಿಗೆ.) ಹೊಸ ಯೋಜನೆ ಮಾತ್ರ ಇನ್ನೂ ತಯಾರಾಗುತ್ತಲೇ ಇತ್ತು. ಹಳೇ ಬಾವಿ ಮುಚ್ಚುವ ಕೆಲಸ ಟೈಮಿಗೆ ಸರಿಯಾಗಿ ನಡೆಯಿತು, ಹೊಸ ಬಾವಿಗೆ ಇನ್ನೂ ಜಾಗ ನೋಡುತ್ತಿದ್ದರು. ಈ ನಡುವೆ 2022ರಲ್ಲಿ ಒಂದು ಅಪರೂಪದ ಸ್ಕೀಮ್ ಬಂತು. ಬೇಸಾಯ ಬಿಟ್ಟು ಮನೆಗೆ ಹೋಗುವ ರೈತನಿಗೆ ಸುಮಾರು ಒಂದು ಲಕ್ಷ ಪೌಂಡ್‌ವರೆಗೆ ಇಡಿಗಂಟು. ಎಲ್ಲಾ ಸ್ಕೀಮುಗಳ ಪೈಕಿ ಅರ್ಥಮಾಡಿಕೊಳ್ಳೋದಕ್ಕೆ ಸುಲಭವಾಗಿದ್ದದ್ದು ಇದೊಂದೇ.

ಹೊಸ ಯೋಜನೆ ಕೊನೆಗೂ ಬಂದಾಗ ಅದಕ್ಕೂ ತನ್ನದೇ ಬುದ್ಧಿ ಇತ್ತು. ಚಳಿಗಾಲದಲ್ಲಿ ಹಕ್ಕಿಗಳು ತಿನ್ನಲಿ ಅಂತ ಕಾಳು ಬೆಳೆದರೆ ದುಡ್ಡು. ಜೇನಿಗೆ ಅಂತ ಹೂವಿನ ಗಿಡ ಬೆಳೆದರೆ ದುಡ್ಡು. ಮನುಷ್ಯರು ತಿನ್ನಲಿ ಅಂತ ಗೋಧಿ ಬೆಳೆದರೆ ದೇವರೇ ಗತಿ. ಲೆಕ್ಕ ಬಲ್ಲ ರೈತರು ಲೆಕ್ಕ ಹಾಕಿದರು. ಕೆಲವರು ಜಮೀನಿನ ದೊಡ್ಡ ಪಾಲನ್ನೇ ಹಕ್ಕಿಗೂ ಜೇನಿಗೂ ಬಿಟ್ಟುಕೊಡಲು ಹೊರಟರು. ಗಾಬರಿಯಾದ ಸರ್ಕಾರ 2024ರಲ್ಲಿ ಹೊಸ ನಿಯಮ ತಂದಿತು: ಇಂಥ ಕೆಲಸಕ್ಕೆ ಜಮೀನಿನ ಕಾಲು ಭಾಗಕ್ಕಿಂತ ಜಾಸ್ತಿ ಕೊಡುವಂತಿಲ್ಲ, ಮಿಕ್ಕಿದ್ದರಲ್ಲಿ ದಯವಿಟ್ಟು ಊಟಕ್ಕೆ ಏನಾದರೂ ಬೆಳೆಯಿರಿ.

ಮಜಾ ಇರುವುದು ದುಡ್ಡಿನಲ್ಲಿ. ಮೊದಲ ಮೂರು ವರ್ಷ ಕೃಷಿ ಬಜೆಟ್ಟಿನಲ್ಲಿ 35 ಕೋಟಿ ಪೌಂಡ್‌ಗೂ ಜಾಸ್ತಿ ಹಣ ಖರ್ಚಾಗದೆ ಉಳಿಯಿತು. ದುಡ್ಡಿತ್ತು, ಅದನ್ನು ಪಡೆಯುವ ದಾರಿ ರೈತರಿಗೆ ಗೊತ್ತಾಗಲಿಲ್ಲ. ನಿಧಾನವಾಗಿ ದಾರಿ ಗೊತ್ತಾಯಿತು, ಅರ್ಜಿಗಳು ಬಂದವು. ಅಷ್ಟರಲ್ಲಿ 2025ರ ಮಾರ್ಚ್ 11ರ ಸಂಜೆ, ಮುನ್ಸೂಚನೆ ಇಲ್ಲದೆ, ಹೊಸ ಅರ್ಜಿ ತಗೊಳ್ಳೋದನ್ನೇ ನಿಲ್ಲಿಸಿಬಿಟ್ಟರು. ಯಾಕೆ ಅಂದರೆ ದುಡ್ಡು ಮುಗಿಯಿತಂತೆ. ನಿಲ್ಲಿಸುವ ಮೊದಲು ಆರು ವಾರದವರೆಗೆ ಮುನ್ಸೂಚನೆ ಕೊಡುತ್ತೇವೆ ಅಂತ ಅವರೇ ಹೇಳಿದ್ದರು. ನಮ್ಮ ಕಡೆ ಇಂಥ ದಿನ ಸರ್ವರ್ ಡೌನ್ ಅಂತ ಬೋರ್ಡು ಹಾಕುತ್ತಾರೆ, ನಾಳೆ ಬನ್ನಿ ಅನ್ನುತ್ತಾರೆ. ನಾಳೆ ಅನ್ನೋ ಆಸೆಯಾದರೂ ಇರುತ್ತದೆ.

ಇನ್ನು ಗಡಿ. ನಮ್ಮ ಗಡಿ ನಮ್ಮ ಕೈಗೆ ಬರಬೇಕು ಅನ್ನೋದೇ ಈ ಇಡೀ ಜಾತ್ರೆಯ ಘೋಷಣೆ. ಯುರೋಪ್ ತನ್ನ ಗೇಟನ್ನು 2021ರ ಜನವರಿ 1ರಂದೇ ಹಾಕಿತು. ಬ್ರಿಟನ್ನಿನ ಕುರಿಮಾಂಸ, ಚೀಸ್, ಮೀನು ಆ ಕಡೆ ಹೋಗಬೇಕಾದರೆ ಪಶುವೈದ್ಯರ ಸರ್ಟಿಫಿಕೇಟ್ ಬೇಕು, ಸುಂಕದ ಫಾರಂ ಬೇಕು, ತಪಾಸಣೆ ಆಗಬೇಕು. ಆಗ ಬ್ರಿಟನ್ನಿನ ಕಸಾಯಿಖಾನೆಗಳಲ್ಲಿ ಕೆಲಸ ಮಾಡುತ್ತಿದ್ದ ಸರ್ಕಾರಿ ಪಶುವೈದ್ಯರಲ್ಲಿ ಬಹುಪಾಲು ಜನ ಯುರೋಪಿನಿಂದ ಬಂದವರಾಗಿದ್ದರು. ಅಂದರೆ ಯುರೋಪಿನವರ ಸಹವಾಸ ಸಾಕು ಅಂತ ಹೊರಬಂದ ದೇಶದ ಮಾಂಸದ ಮೇಲೆ ಕಣ್ಣಿಡೋದಕ್ಕೂ ಯುರೋಪಿನ ಡಾಕ್ಟರೇ ಬೇಕಿತ್ತು.

ಚೀಸ್ ಮಾಡುವ ಒಬ್ಬ ವ್ಯಾಪಾರಿ ಯುರೋಪಿನ ಗಿರಾಕಿಗಳಿಗೆ ಗಿಫ್ಟ್ ಡಬ್ಬಿ ಕಳಿಸುತ್ತಿದ್ದರು. ಮೂವತ್ತು ಪೌಂಡಿನ ಆಸುಪಾಸಿನ ಡಬ್ಬಿಗೆ 180 ಪೌಂಡಿನ ಆರೋಗ್ಯ ಸರ್ಟಿಫಿಕೇಟ್ ಬೇಕು ಅಂತಾಯಿತು. ಸರ್ಕಾರದವರನ್ನು ಕೇಳಿದರೆ ಬೇರೆ ಹೊಸ ಮಾರುಕಟ್ಟೆ ಹುಡುಕಿ ಅಂತ ಸಲಹೆ ಬಂತು. ಪಕ್ಕದ ಮನೆಗೆ ಕೊಡಲಾಗದ ಚೀಸನ್ನು ಸಮುದ್ರ ದಾಟಿಸಿ ದೂರದೂರಿಗೆ ಕಳಿಸಬೇಕಂತೆ. ಅದೇ 2021ರ ಜನವರಿಯಲ್ಲಿ ಸ್ಕಾಟ್‌ಲ್ಯಾಂಡಿನ ಮೀನಿನ ಲಾರಿಗಳು ಕಾಗದಪತ್ರದ ಗೊಂದಲದಲ್ಲಿ ಸಿಕ್ಕಿಕೊಂಡಿದ್ದಾಗ ಮಂತ್ರಿ ಜೇಕಬ್ ರೀಸ್-ಮಾಗ್ ಪಾರ್ಲಿಮೆಂಟಿನಲ್ಲಿ ಎದ್ದು ನಿಂತು, ಈಗ ಇವು ಬ್ರಿಟಿಷ್ ಮೀನುಗಳು, ಅದರಿಂದ ಇನ್ನಷ್ಟು ಸಂತೋಷವಾಗಿವೆ ಅಂದರು. ಮೀನುಗಳನ್ನು ಕೇಳಿದವರು ಯಾರು ಅಂತ ಸಭೆಯ ದಾಖಲೆಯಲ್ಲಿ ಇಲ್ಲ.

ಸರಿ, ಆ ಕಡೆಯಿಂದ ಈ ಕಡೆಗೆ ಬರುವ ಮಾಲಿಗೆ? ಅದಕ್ಕೆ ಗೇಟೇ ಇಲ್ಲ. ತಪಾಸಣೆ ಶುರು ಮಾಡುತ್ತೇವೆ ಅಂದರು, ಮುಂದೂಡಿದರು. ಮತ್ತೆ ಅಂದರು, ಮತ್ತೆ ಮುಂದೂಡಿದರು. ಹೀಗೆ ಐದು ಸಲ. ಸ್ಪೇನಿನ ಹಂದಿಮಾಂಸ, ಫ್ರಾನ್ಸಿನ ಚೀಸ್ ಮೊದಲಿನ ಹಾಗೇ ಹಾಯಾಗಿ ಬರುತ್ತಿದ್ದವು. ಅದನ್ನು ನೋಡುತ್ತಾ ಇಲ್ಲಿನ ರೈತ ತನ್ನ ಕುರಿಗೆ ಸರ್ಟಿಫಿಕೇಟ್ ಮಾಡಿಸುತ್ತಿದ್ದ. 2022ರ ಏಪ್ರಿಲ್‌ನಲ್ಲಿ ಅದೇ ರೀಸ್-ಮಾಗ್, ಈಗ ಪೂರ್ತಿ ತಪಾಸಣೆ ತಂದರೆ ನಮಗೆ ನಾವೇ ಗಾಯ ಮಾಡಿಕೊಂಡಂತೆ ಅಂದರು. ಆರು ವರ್ಷದಿಂದ ಎದುರು ಪಕ್ಷದವರು ಹೇಳುತ್ತಿದ್ದ ಮಾತನ್ನು ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅಂತಾರಲ್ಲ, ಇಲ್ಲಿ ಬಾಗಿಲು ಮಾಡಿಸಿದ ಮೇಲೆ ಹಾಕೋದೋ ಬೇಡವೋ ಅಂತ ಚರ್ಚೆ. ಪೋರ್ಟ್ಸ್‌ಮತ್ ಬಂದರಿನಲ್ಲಿ ಸುಮಾರು 2.5 ಕೋಟಿ ಪೌಂಡ್ ಖರ್ಚು ಮಾಡಿ ತಪಾಸಣಾ ಕಟ್ಟಡ ಕಟ್ಟಿದರು. ಕಟ್ಟಿ ಮುಗಿಸುವ ಹೊತ್ತಿಗೆ ನಿಯಮ ಬದಲಾಗಿ ಅಷ್ಟು ದೊಡ್ಡದು ಬೇಡವಾಯಿತು. ಕೆಡವುವ ಮಾತೂ ಬಂತು. ಕೊನೆಗೆ 2024ರ ಏಪ್ರಿಲ್ 30ರಿಂದ ತಪಾಸಣೆ ಶುರುವಾಯಿತು. ಡೋವರ್ ಬಂದರು ಮತ್ತು ಸಮುದ್ರದಡಿಯ ಯೂರೋಟನಲ್ ಸುರಂಗದ ಮೂಲಕ ಬರುವ ಒಂದು ಲೋಡಿಗೆ 145 ಪೌಂಡ್‌ವರೆಗೆ ಫೀಸು, ಲಾರಿಯನ್ನು ನಿಲ್ಲಿಸಿ ನೋಡಲಿ ಬಿಡಲಿ. ಆ ಫೀಸು ಕಟ್ಟುವವರು ಯಾರು ಅಂತ ಕೇಳಬೇಕಾಗಿಲ್ಲ. ಬ್ರಿಟನ್ ತಾನು ತಿನ್ನುವುದರಲ್ಲಿ ಸುಮಾರು 60 ಪರ್ಸೆಂಟ್ ಮಾತ್ರ ತಾನೇ ಬೆಳೆಯುತ್ತದೆ. ಮಿಕ್ಕಿದ್ದು ಹೊರಗಿನದು.

ಮಾರುಕಟ್ಟೆ ಒಂದು ಹೋದರೆ ಏನಾಯಿತು, ಪ್ರಪಂಚ ದೊಡ್ಡದಿದೆ ಅಂದರು. ಪ್ರಪಂಚ ಅಂದರೆ ಆಸ್ಟ್ರೇಲಿಯಾ. 2020ರಲ್ಲಿ ಪ್ರಧಾನಿಯಾಗಿದ್ದ ಬೋರಿಸ್ ಜಾನ್ಸನ್ ಅಲ್ಲಿಯ ಟಿಮ್ ಟ್ಯಾಮ್ ಬಿಸ್ಕತ್ತಿನ ಪೊಟ್ಟಣ ಹಿಡಿದುಕೊಂಡು ಒಂದು ವಿಡಿಯೊ ಮಾಡಿದರು. ನಾವು ನಿಮಗೆ ಪೆಂಗ್ವಿನ್ ಬಿಸ್ಕತ್ತು ಕೊಡುತ್ತೇವೆ, ನೀವು ನಮಗೆ ಕಡಿಮೆ ಸುಂಕದ ಟಿಮ್ ಟ್ಯಾಮ್ ಕೊಡಿ. ಬಿಸ್ಕತ್ತಿನ ಹಿಂದೆ ದನದ ಮಾಂಸ ಬರುತ್ತದೆ ಅಂತ ಹೇಳೋದು ಮರೆತರು. ಒಪ್ಪಂದದ ಪ್ರಕಾರ ಮೊದಲ ವರ್ಷವೇ 35,000 ಟನ್ ದನದ ಮಾಂಸಕ್ಕೆ ಸುಂಕ ಇಲ್ಲ, ಹತ್ತನೇ ವರ್ಷಕ್ಕೆ ಅದು 1,10,000 ಟನ್. ಇದರಿಂದ ದೇಶದ ಆದಾಯ 2035ರ ಹೊತ್ತಿಗೆ 0.08 ಪರ್ಸೆಂಟ್ ಜಾಸ್ತಿಯಾಗುತ್ತದೆ ಅಂತ ಸರ್ಕಾರವೇ ಅಂದಾಜು ಕೊಟ್ಟಿತು. ಕೃಷಿಗೆ ಮಾತ್ರ ಪೆಟ್ಟು ಅಂತಲೂ ಅದೇ ಕಾಗದದಲ್ಲಿ ಬರೆದಿತ್ತು. ಪ್ರಾಮಾಣಿಕರು, ಒಪ್ಪಬೇಕು.

ಆ ಒಪ್ಪಂದ ಆಗುವಾಗ ಕೃಷಿ ಖಾತೆಯಲ್ಲಿ ಇದ್ದವರು ಜಾರ್ಜ್ ಯೂಸ್ಟಿಸ್. ರೈತರ ಮನೆಯವರು, ಒಕ್ಕೂಟ ಬಿಡಬೇಕು ಅಂತ ಪ್ರಚಾರ ಮಾಡಿದವರು. ಕುರ್ಚಿಯಲ್ಲಿ ಇರುವಷ್ಟು ದಿನ ಒಪ್ಪಂದವನ್ನು ಸಮರ್ಥಿಸಿದರು. ಕುರ್ಚಿ ಹೋದ ಮೇಲೆ, 2022ರ ನವೆಂಬರ್‌ನಲ್ಲಿ, ಅದು ಅಷ್ಟೇನೂ ಒಳ್ಳೆ ಒಪ್ಪಂದ ಅಲ್ಲ ಅಂತ ಪಾರ್ಲಿಮೆಂಟಿನಲ್ಲೇ ಹೇಳಿದರು. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಎರಡರ ಒಪ್ಪಂದವೂ ಜಾರಿಗೆ ಬಂದದ್ದು ಒಂದೇ ದಿನ, 2023ರ ಮೇ 31. ಇದೇ ನ್ಯೂಜಿಲೆಂಡಿನ ಹಾಲಿನ ಪುಡಿಗೆ ಹೆದರಿ ನಮ್ಮ ಹಾಲು ಉತ್ಪಾದಕರು 2019ರಲ್ಲಿ ಬೀದಿಗಿಳಿದಿದ್ದರು. ಆ ನವೆಂಬರ್‌ನಲ್ಲಿ ಭಾರತ ಬ್ಯಾಂಕಾಕ್‌ನಲ್ಲಿ, ನ್ಯೂಜಿಲೆಂಡ್ ಕೂಡ ಇದ್ದ ಆರ್‌ಸಿಇಪಿ ಅನ್ನೋ ವ್ಯಾಪಾರ ಒಪ್ಪಂದದ ಸಹವಾಸ ಬೇಡ ಅಂತ ಎದ್ದು ಬಂತು. ನಾವು ಒಳಗೆ ಹೋಗದೆ ರೈತರನ್ನು ಉಳಿಸಿದೆವು ಅಂದೆವು, ಅವರು ಹೊರಗೆ ಬಂದು ರೈತರನ್ನು ಉಳಿಸಿದೆವು ಅಂದರು. ರೈತ ಎರಡೂ ಕಡೆ ಉಳಿದಿದ್ದಾನೆ, ಹೇಗೆ ಅಂತ ಮಾತ್ರ ಕೇಳಬೇಡಿ.

ಇಂಗ್ಲೆಂಡಿನ ಲಿಂಕನ್‌ಶೈರಿನ ಬಾಸ್ಟನ್ ಅನ್ನೋ ಊರನ್ನು ಬಿಟ್ಟರೆ ಈ ಕಥೆ ಪೂರ್ತಿ ಆಗಲ್ಲ. ಸುತ್ತ ಕೋಸು, ಹೂಕೋಸಿನ ಹೊಲಗಳು. ಅದನ್ನು ಕೊಯ್ಯುತ್ತಿದ್ದವರು ಪೋಲೆಂಡ್, ಲಿಥುವೇನಿಯಾ ಕಡೆಯವರು. ಇಡೀ ದೇಶದಲ್ಲೇ ಒಕ್ಕೂಟ ಬಿಡೋದಕ್ಕೆ ಅತಿ ಹೆಚ್ಚು ಓಟು ಬಿದ್ದದ್ದು ಈ ಊರಿನಲ್ಲಿ, 75.6 ಪರ್ಸೆಂಟ್. ಹೊರಗಿನವರು ಬರಬಾರದು. ಸರಿ, ಕೋಸು? ಕೊಯ್ಯಲು ಬನ್ನಿ ಅಂತ 2020ರಲ್ಲಿ ದೇಶಪ್ರೇಮಿಗಳಿಗೆ ಕರೆ ಕೊಟ್ಟರು, ಯುವರಾಜ ಚಾರ್ಲ್ಸ್ ಕೂಡ ಪ್ರಚಾರ ಮಾಡಿದರು. ದೇಶಪ್ರೇಮಿಗಳಿಗೆ ಬೆನ್ನು ನೋವು. 2019ರಲ್ಲಿ 2,500 ಇದ್ದ ಹಂಗಾಮಿ ವೀಸಾ ಕೆಲವೇ ವರ್ಷದಲ್ಲಿ 45,000 ಮುಟ್ಟಿತು. ಈಗ ಕಿರ್ಗಿಸ್ತಾನ, ತಜಿಕಿಸ್ತಾನದಿಂದ ವಿಮಾನದಲ್ಲಿ ಜನ ಬರುತ್ತಾರೆ. ಬಸ್ಸಿನಲ್ಲಿ ಬರುವ ಪಕ್ಕದವರು ಬೇಡವಾಗಿದ್ದರು, ಅಷ್ಟೇ.

ಹಂದಿಗಳ ಕಥೆ ಇನ್ನೂ ಕೆಟ್ಟದ್ದು. 2021ರಲ್ಲಿ ಕಟುಕರೇ ಸಿಗದೆ, ಬೆಳೆದ ಹಂದಿಗಳನ್ನು ರೈತರು ಹೊಲದಲ್ಲೇ ಕೊಂದು ಬಿಸಾಕಬೇಕಾಯಿತು. ಹತ್ತಾರು ಸಾವಿರ ಆರೋಗ್ಯವಂತ ಹಂದಿಗಳು. ಈ ಬಗ್ಗೆ ಕೇಳಿದವರಿಗೆ ಪ್ರಧಾನಿ ಜಾನ್ಸನ್, ನೀವು ಬೇಕನ್ ಸ್ಯಾಂಡ್‌ವಿಚ್ ತಿಂದಿಲ್ಲವಾ, ಹಂದಿಗಳು ಹೇಗಿದ್ದರೂ ಸಾಯುತ್ತವಲ್ಲ ಅನ್ನೋ ಧಾಟಿಯಲ್ಲಿ ಉತ್ತರ ಕೊಟ್ಟರು. ತಿನ್ನೋದಕ್ಕೆ ಕೊಲ್ಲುವುದಕ್ಕೂ ಬಿಸಾಕೋದಕ್ಕೆ ಕೊಲ್ಲುವುದಕ್ಕೂ ವ್ಯತ್ಯಾಸ ಗೊತ್ತಿಲ್ಲದವರ ಕೈಯಲ್ಲಿ ದೇಶದ ಊಟ ಇತ್ತು.

2023ರ ಫೆಬ್ರವರಿಯಲ್ಲಿ ಟೊಮೆಟೊ ನಾಪತ್ತೆ. ಸೂಪರ್ ಮಾರ್ಕೆಟ್ಟುಗಳು ಒಬ್ಬರಿಗೆ ಮೂರು ಅಂತ ಮಿತಿ ಹಾಕಿದವು. ಇದಕ್ಕೆ ಬ್ರೆಕ್ಸಿಟ್ ಒಂದನ್ನೇ ಬೈದರೆ ಅನ್ಯಾಯ. ಸ್ಪೇನ್, ಮೊರಾಕೊದಲ್ಲಿ ಹವಾಮಾನ ಕೈಕೊಟ್ಟಿತ್ತು, ಇಂಗ್ಲೆಂಡಿನ ಗಾಜಿನ ಮನೆಗಳಿಗೆ ಗ್ಯಾಸ್ ಬಿಲ್ ತಡೆಯಲಾಗುತ್ತಿರಲಿಲ್ಲ. ಆದರೆ ಮಂತ್ರಿ ತೆರೇಸ್ ಕಾಫಿ ಕೊಟ್ಟ ಪರಿಹಾರಕ್ಕೆ ಹವಾಮಾನ ಕಾರಣ ಅಲ್ಲ. ಜನ ಆಯಾ ಕಾಲದ ತರಕಾರಿ ತಿನ್ನಬೇಕು, ಉದಾಹರಣೆಗೆ ಟರ್ನಿಪ್ ಅಂದರು. ಟರ್ನಿಪ್ ಅಂದರೆ ನಮ್ಮ ಮೂಲಂಗಿಯ ದಪ್ಪ ದಾಯಾದಿ. ಅದೇ ವರ್ಷ ಜುಲೈನಲ್ಲಿ ಕೋಲಾರದ ಮಂಡಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ನಮ್ಮವರು ಹುಣಸೆಹಣ್ಣು ಕಿವುಚಿ ಸಾರು ಮಾಡಿಕೊಂಡರು, ಅದಕ್ಕೆ ಮಂತ್ರಿಗಳ ಸಲಹೆ ಬೇಕಾಗಲಿಲ್ಲ.

ಆಮೇಲಿನ ಸುದ್ದಿ ಏನಪ್ಪಾ ಅಂದರೆ, 2025ರ ಮೇ 19ರಂದು ಕಿಯರ್ ಸ್ಟಾರ್ಮರ್ ಸರ್ಕಾರ ಯುರೋಪಿನ ಜೊತೆ ಮತ್ತೆ ಕೈ ಕುಲುಕಿತು. ಆಹಾರದ ನಿಯಮಗಳಲ್ಲಿ ಯುರೋಪ್ ಹೇಳಿದ ಹಾಗೆ ಕೇಳುತ್ತೇವೆ, ಅವರು ಬದಲಾಯಿಸಿದರೆ ನಾವೂ ಬದಲಾಯಿಸುತ್ತೇವೆ, ಆಗ ಗಡಿಯಲ್ಲಿ ತಪಾಸಣೆ, ಸರ್ಟಿಫಿಕೇಟ್ ಎಲ್ಲಾ ಬಹುತೇಕ ಮಾಯ. ಬ್ರಿಟಿಷ್ ಸಾಸೇಜ್ ಕೂಡ ಆಗ ಮತ್ತೆ ಯುರೋಪಿಗೆ ಹೋಗಬಹುದು ಅಂದರು. ಒಕ್ಕೂಟದಲ್ಲಿದ್ದಾಗ ಈ ನಿಯಮ ಮಾಡುವಾಗ ಬ್ರಿಟನ್ನಿಗೆ ಓಟಿತ್ತು, ಈಗ ಇಲ್ಲ. ಬದಲಿಗೆ ಬ್ರಿಟನ್ನಿನ ನೀರಿನಲ್ಲಿ ಯುರೋಪಿನ ದೋಣಿಗಳು 2038ರವರೆಗೆ ಮೀನು ಹಿಡಿಯಬಹುದು. ಮೀನುಗಳ ಸಂತೋಷದ ಬಗ್ಗೆ ಈ ಸಲ ಯಾವ ಮಂತ್ರಿಯೂ ಹೇಳಿಕೆ ಕೊಟ್ಟ ಹಾಗಿಲ್ಲ.