ಸ್ನ್ಯಾಗ್ (ವಿಮಾನದ ದೋಷ) ಇಟ್ಟುಕೊಂಡು ಹಾರಬಹುದು, ಆದರೆ ಅದು ಯಾಕೆ ಬಂತು ಅಂತ ಕೇಳಿದಿರಾ?

ಏಸಿ ಇಲ್ಲದ ವಿಮಾನದೊಳಗೆ ಬೆವರುತ್ತ, ಸೇಫ್ಟಿ ಕಾರ್ಡಿನಲ್ಲೇ ಗಾಳಿ ಬೀಸಿಕೊಳ್ಳುತ್ತ ಕೂತವರ ವಿಡಿಯೊ ಬೇಸಿಗೆ ಬಂದರೆ ಸಾಕು, ಎಲ್ಲರ ಫೋನಿಗೂ ಬರುತ್ತದೆ. ಕೆಳಗೆ "ಕೆಟ್ಟ ವಿಮಾನ ಹಾರಿಸ್ತಾರೆ, ಜನರ ಜೀವಕ್ಕೆ ಬೆಲೆಯೇ ಇಲ್ಲ" ಅನ್ನುವ ಕಾಮೆಂಟುಗಳು. ವಿಮಾನ ರಿಪೇರಿಯ ಕೆಲಸದಲ್ಲೇ ಬಹುಕಾಲ ಕಳೆದವನಾಗಿ ಹೇಳ್ತೀನಿ, ಸಿಟ್ಟು ಬರೋದು ಸಹಜ. ಆದರೆ ನೀವು ಬೈತಿರೋದು ಬೈಯಬೇಕಾದ ವಿಷಯಕ್ಕಲ್ಲ.

ಬಹಳ ಸಲ ಅಲ್ಲಿ ಕೆಟ್ಟಿರೋದು ಎಪಿಯು. ಬಾಲದಲ್ಲಿರುವ ಪುಟ್ಟ ಎಂಜಿನ್ ಅದು. ನೆಲದ ಮೇಲಿದ್ದಾಗ ಏಸಿಗೆ ಗಾಳಿ, ದೀಪಗಳಿಗೆ ಕರೆಂಟು, ದೊಡ್ಡ ಎಂಜಿನ್ ಶುರು ಮಾಡೋಕೆ ಒತ್ತಡದ ಗಾಳಿ ಎಲ್ಲ ಕೊಡೋದು ಅದೇ. ಅದು ಕೈಕೊಟ್ಟರೆ ಹೊರಗಿನಿಂದ ಗಾಡಿ ತಂದು ಕರೆಂಟು, ಗಾಳಿ ಕೊಡಬೇಕು. ಎಂಜಿನ್ ಶುರುವಾದ ಮೇಲೆ ಎಲ್ಲ ತಣ್ಣಗಾಗುತ್ತದೆ. ಇಷ್ಟನ್ನು ಮೈಕಿನಲ್ಲಿ ಹೇಳಿಬಿಟ್ಟರೆ ಅರ್ಧ ಗಲಾಟೆ ಮುಗೀತು. ಯಾಕೋ ಹೇಳೋದೇ ಇಲ್ಲ.

ಇಂಥ ದೋಷ ಇಟ್ಟುಕೊಂಡು ಹಾರೋದಕ್ಕೆ ಎಂಇಎಲ್ ಅನ್ನುವ ಪುಸ್ತಕವೇ ಇದೆ, ಏನೇನು ಕೆಟ್ಟಿದ್ದರೂ ಯಾವ ಷರತ್ತಿನ ಮೇಲೆ ಹಾರಬಹುದು ಅನ್ನುವ ಪಟ್ಟಿ ಅದು. ತಯಾರಕರು ಮಾಡಿದ ಮೂಲ ಪಟ್ಟಿಗಿಂತ ಏರ್‌ಲೈನ್‌ನವರ ಪಟ್ಟಿ ಬಿಗಿಯಾಗಿರಬಹುದು, ಸಡಿಲವಾಗಿರುವಂತಿಲ್ಲ. ನಮ್ಮಲ್ಲಿ ಅದಕ್ಕೆ ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎ ಒಪ್ಪಿಗೆ ಬೇಕು. ಒಂದೊಂದು ಐಟಮ್‌ಗೂ ರಿಪೇರಿ ಮುಗಿಸೋಕೆ ಗಡುವು ಇರುತ್ತದೆ: ಬಿ ವರ್ಗಕ್ಕೆ 3 ದಿನ, ಸಿ ವರ್ಗಕ್ಕೆ 10, ಡಿ ವರ್ಗಕ್ಕೆ 120. ಎ ವರ್ಗದ ಗಡುವು ಆಯಾ ಐಟಮ್ ಎದುರಿಗೇ ಬರೆದಿರುತ್ತದೆ. ಎಂಜಿನಿಯರ್ ಟೆಕ್ ಲಾಗಿನಲ್ಲಿ (ವಿಮಾನದ ದೋಷ ದಾಖಲಿಸುವ ಪುಸ್ತಕ) ಬರೆದು, ಸಹಿ ಹಾಕಿ, ಕಾಕ್‌ಪಿಟ್ಟಿನಲ್ಲಿ ಆ ಸ್ವಿಚ್ ಪಕ್ಕ 'ಇನಾಪ್' (ಕೆಲಸ ಮಾಡಲ್ಲ) ಅಂತ ಸ್ಟಿಕ್ಕರ್ ಅಂಟಿಸಬೇಕು. ಕ್ಯಾಪ್ಟನ್ ಒಪ್ಪಬೇಕು. ಎರಡು ದೋಷ ಜೊತೆಗೂಡಿದರೆ ಲೆಕ್ಕವೇ ಬೇರೆ. ಏರ್‌ಬಸ್ ಎ320 ವಿಮಾನದಲ್ಲಿ ಎಂಜಿನ್ನಿನ ಒಂದು ಜನರೇಟರ್ ಕೆಟ್ಟಿದ್ದರೂ ಹೋಗಬಹುದು, ಆದರೆ ಎಪಿಯು ಜನರೇಟರ್ ಚೆನ್ನಾಗಿರಲೇಬೇಕು. ಅಂದರೆ ಎಪಿಯು ಮೊದಲೇ ಕೆಟ್ಟು ಕೂತಿದ್ದರೆ ಹೊರಡೋ ಮಾತೇ ಇಲ್ಲ.

ಇಷ್ಟು ಅಚ್ಚುಕಟ್ಟಾದ ಪುಸ್ತಕದ ಮೇಲೆ ನನಗೆ ತಕರಾರಿಲ್ಲ. ತಕರಾರು ಇರೋದು ಅದನ್ನು ಬಳಸುವ ರೀತಿಯ ಮೇಲೆ. "ಇದಿಲ್ಲದೆ ಹೋಗಬಹುದಾ?" ಅನ್ನೋದಕ್ಕೆ ಮಾತ್ರ ಅದರಲ್ಲಿ ಉತ್ತರವಿದೆ. "ಇದು ಯಾಕೆ ಕೆಟ್ಟಿತು?" ಅನ್ನೋದಕ್ಕೆ ಇಲ್ಲ. ಫ್ಲೈಟು ತಡವಾಗಿ, ಗೇಟಿನಿಂದ ವಾಕಿಟಾಕಿ ಕೂಗ್ತಿರುವಾಗ ಎರಡನೆಯ ಪ್ರಶ್ನೆ ಯಾರಿಗೂ ಬೇಡ.

2008ರ ಆಗಸ್ಟ್ 20, ಮ್ಯಾಡ್ರಿಡ್. ಸ್ಪ್ಯಾನೇರ್‌ನ ಎಂಡಿ-82 ವಿಮಾನ ಗ್ರಾನ್ ಕನೇರಿಯಾಕ್ಕೆ ಹೊರಟು ರನ್‌ವೇವರೆಗೂ ಹೋಗಿ ವಾಪಸ್ ಬಂತು. ಹೊರಗಿನ ತಾಪಮಾನ ಅಳೆಯುವ ಪ್ರೋಬ್ ವಿಪರೀತ ಬಿಸಿ ತೋರಿಸ್ತಿತ್ತು. ಹಿಂದಿನ ದಿನಗಳಲ್ಲೂ ಇದೇ ಆಗಿತ್ತು. ಆ ಪ್ರೋಬಿಗೆ ಮಂಜು ಕಟ್ಟದಿರಲಿ ಅಂತ ಒಂದು ಹೀಟರ್ ಇರುತ್ತದೆ. ದಾರಿಯಲ್ಲಿ ಮಂಜು ಕಟ್ಟುವ ಹವೆ ಇಲ್ಲದಿದ್ದರೆ ಹೀಟರ್ ಇಲ್ಲದೆ ಹಾರಬಹುದು ಅಂತ ಎಂಇಎಲ್ ಹೇಳ್ತಿತ್ತು. ಆಗಸ್ಟ್ ತಿಂಗಳ ಸ್ಪೇನ್, ಮಂಜಿನ ಮಾತೆಲ್ಲಿ? ಬ್ರೇಕರ್ ಎಳೆದು ಹೀಟರಿನ ಕರೆಂಟು ತೆಗೆದರು, ಕಾಗದ ಪತ್ರ ಮುಗಿಸಿ ಕಳಿಸಿದರು.

ಆದರೆ ಅಲ್ಲಿ ಹೀಟರ್ ಕೆಟ್ಟಿರಲಿಲ್ಲ, ಓಡಬಾರದ ಹೊತ್ತಲ್ಲಿ ಓಡ್ತಿತ್ತು! ವಿಮಾನ ಗಾಳಿಯಲ್ಲಿದ್ದಾಗ ಮಾತ್ರ ಅದು ಬಿಸಿಯಾಗಬೇಕು. ನೆಲದ ಮೇಲೆ ಬಿಸಿಯಾಗ್ತಿದೆ ಅಂದರೆ ವಿಮಾನದ ಯಾವುದೋ ಸರ್ಕ್ಯೂಟು "ನಾನು ಹಾರ್ತಿದ್ದೇನೆ" ಅಂದುಕೊಂಡಿರಬೇಕು. ವಿಮಾನ ನೆಲದಲ್ಲಿದೆಯೋ ಗಾಳಿಯಲ್ಲಿದೆಯೋ ಅಂತ ತಿಳಿಸುವ ಒಂದು ರಿಲೇಯ (ಕರೆಂಟಿನಿಂದ ನಡೆಯುವ ಸ್ವಿಚ್ಚು) ಮೂಲಕವೇ ಟೇಕಾಫ್ ವಾರ್ನಿಂಗ್ ಕೂಡ ಹೋಗುತ್ತದೆ. ಮೇಲೇರಲು ಬಲ ಕೊಡುವ ರೆಕ್ಕೆಯ ಫ್ಲಾಪ್ ಇಳಿಸದೆ ಥ್ರಾಟಲ್ ಕೊಟ್ಟರೆ ಕಿರುಚಬೇಕಾದ ವಾರ್ನಿಂಗ್ ಅದು. ಆ ದಿನ ಗಡಿಬಿಡಿಯಲ್ಲಿ ಪೈಲಟ್‌ಗಳು ಫ್ಲಾಪ್ ಇಳಿಸಲಿಲ್ಲ, ಚೆಕ್‌ಲಿಸ್ಟ್‌ನಲ್ಲೂ ತಪ್ಪಿಹೋಯಿತು. ವಾರ್ನಿಂಗ್ ತುಟಿ ಬಿಚ್ಚಲಿಲ್ಲ. ವಿಮಾನ ಬಿತ್ತು. 172 ಜನರಲ್ಲಿ ಉಳಿದವರು 18. ಆ ರಿಲೇಯೇ ಕಾರಣ ಅಂತ ತನಿಖೆ ಖಚಿತವಾಗಿ ಹೇಳಲಾಗಲಿಲ್ಲ, ಅದನ್ನೂ ಹೇಳಿಬಿಡಬೇಕು. ಆದರೆ ಅವತ್ತು ಆ ದಿಕ್ಕಿಗೆ ನೋಡೋ ಗೋಜಿಗೇ ಯಾರೂ ಹೋಗಲಿಲ್ಲ ಅನ್ನೋದು ಸುಳ್ಳಲ್ಲ.

2014ರ ಡಿಸೆಂಬರ್ 28ರಂದು ಸುರಬಾಯದಿಂದ ಸಿಂಗಪುರಕ್ಕೆ ಹೊರಟ ಇಂಡೋನೇಷ್ಯಾ ಏರ್‌ಏಷ್ಯಾ ವಿಮಾನದ ಕಥೆ ಬೇರೆ ದಾರಿಯದು, ರೋಗ ಒಂದೇ. ಬಾಲದ ಚುಕ್ಕಾಣಿ ಮಿತಿಮೀರಿ ತಿರುಗದಂತೆ ತಡೆಯುವ ರಡ್ಡರ್ ಲಿಮಿಟರ್‌ನ ತೊಂದರೆ ಆ ವರ್ಷ 23 ಸಲ ದಾಖಲಾಗಿತ್ತು. ಮೂಲ, ಸರ್ಕ್ಯೂಟ್ ಬೋರ್ಡಿನಲ್ಲಿ ಬಿರುಕು ಬಿಟ್ಟ ಒಂದು ಬೆಸುಗೆ. ಪ್ರತಿ ಸಲವೂ ಏನೋ ಒಂದು ಮಾಡಿ ಕಳಿಸ್ತಿದ್ದರು. ಕೊನೆಗೆ ಆಕಾಶದಲ್ಲೇ ಬ್ರೇಕರ್ ಎಳೆದು ರೀಸೆಟ್ ಮಾಡಹೋಗಿ ಆಟೋಪೈಲಟ್ ಬಿಟ್ಟುಕೊಂಡಿತು, ವಿಮಾನ ಹತೋಟಿಗೆ ಬರಲೇ ಇಲ್ಲ. 162 ಜನ ಹೋದರು.

ಹಾಗಾಗಿ ನನ್ನ ವಾದ ಇಷ್ಟೇ. ದೋಷ ಮುಂದೂಡೋದನ್ನು ನಿಲ್ಲಿಸಿ ಅನ್ನಬೇಡಿ. ಹಾಗೆ ಮಾಡಿದರೆ ಯಾವ ಏರ್‌ಲೈನೂ ಒಂದು ದಿನ ಓಡಲ್ಲ, ಸೇಫ್ಟಿಯೂ ಒಂದು ಗುಲಗಂಜಿಯಷ್ಟು ಹೆಚ್ಚಲ್ಲ. ಅದೇ ಸ್ನ್ಯಾಗ್ ಮತ್ತೆ ಬಂದಾಗ ಮಾತ್ರ ಟರ್ಮಿನಲ್ ಎದುರು, ಅರ್ಧ ತಾಸಿನ ಗಡಿಬಿಡಿಯಲ್ಲಿ ಒಬ್ಬ ಎಂಜಿನಿಯರ್ ತೀರ್ಮಾನ ಮಾಡೋ ಹಾಗಿರಬಾರದು. ವಿಮಾನ ಹ್ಯಾಂಗರಿಗೆ ಹೋಗಲಿ, ವೈರಿಂಗ್ ಡಯಾಗ್ರಾಂ ಬಿಚ್ಚಿ ಕೂತು ನೋಡಲಿ. ಎಂಇಎಲ್ ಒಪ್ಪಿದರೂ "ಈ ವಿಮಾನ ನಾನು ಒಯ್ಯಲ್ಲ" ಅನ್ನೋ ಅಧಿಕಾರ ಕ್ಯಾಪ್ಟನ್‌ಗೆ ಇದೆ. ಹಾಗೆ ಅಂದವರಿಗೆ ಮರುದಿನ ಆಫೀಸಿನಿಂದ "ಯಾಕ್ ಸಾರ್, ಬುಕ್‌ನಲ್ಲಿ ಇತ್ತಲ್ಲ" ಅಂತ ಫೋನ್ ಬರೋದು ಮೊದಲು ನಿಲ್ಲಲಿ.